‘ಸಾರಿ’ ಹೇಳಿಸಿದರೆ ಸಾಕಾ? ಹಾಕಿ ಸಂಘಟಕರಿಗೊಂದು ಬಹಿರಂಗ ಪತ್ರ

ಇವರಿಗೆ,
ಹಾಸನ ಜಿಲ್ಲೆಯಲ್ಲಿ ಹಾಕಿ ಪಂದ್ಯಾವಳಿ ನಡೆಸುವ ಎಲ್ಲ ಸಮಿತಿಗಳ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳಿಗೆ,
ಹಾಗೂ ತಂಡಗಳ ಮ್ಯಾನೇಜರ್, ಕೋಚ್ ಮತ್ತು ಕ್ಯಾಪ್ಟನ್‌ಗಳಿಗೆ

ವಿಷಯ: ಸಿಟ್ಟಿನಲ್ಲಿ ಅಂಪೈರ್‌ಗಳನ್ನು ಗಾಯಗೊಳಿಸುವ ಆಟಗಾರರಿಗೆ ಮೊದಲೇ ಬರೆದಿಟ್ಟ ಶಿಕ್ಷೆ ಇರಬೇಕು ಎಂಬ ಬಗ್ಗೆ.

ಮಾನ್ಯರೇ,

ನಮಸ್ಕಾರ. ಕಾಫಿ ಕುಯ್ಲು ಮುಗಿಯಿತು ಅಂದರೆ ನಮ್ಮ ಕಡೆ ಹಾಕಿ ಶುರು. ಸಕಲೇಶಪುರ, ಆಲೂರು, ಅರಕಲಗೂಡು ಕಡೆಯ ಹುಡುಗರು ಬರುತ್ತಾರೆ. ಗಡಿಯಾಚೆ ಕೊಡಗಿನ ಕೊಡ್ಲಿಪೇಟೆ, ಶನಿವಾರಸಂತೆ, ಸೋಮವಾರಪೇಟೆಯಿಂದಲೂ ತಂಡಗಳು ಬರುತ್ತವೆ. ನೀವು ಶಾಮಿಯಾನ ಹಾಕಿಸುತ್ತೀರಿ, ದಾನಿಗಳ ಮನೆ ಬಾಗಿಲಿಗೆ ಅಲೆಯುತ್ತೀರಿ, ಬಂದವರಿಗೆಲ್ಲ ಊಟ ಹಾಕಿಸುತ್ತೀರಿ. ಸುಲಭದ ಕೆಲಸ ಅಲ್ಲ. ನಿಮ್ಮ ಜೊತೆಯಲ್ಲೇ ಕೂತು ಇದನ್ನೆಲ್ಲ ನೋಡಿದವನು ನಾನು. ಹಾಗಾಗಿ ಈ ಪತ್ರವನ್ನು ಹೊರಗಿನವನ ಟೀಕೆ ಅಂತ ಓದಬೇಡಿ.

ನಾನು ಟೇಬಲ್‌ನಲ್ಲಿ ಕೂರುವವನು. ಮ್ಯಾಚ್ ಶೀಟ್ ಬರೆಯುವುದು, ಗಡಿಯಾರ ನೋಡುವುದು, ತಪ್ಪು ಮಾಡಿ ಅಂಪೈರ್‌ನಿಂದ ಕಾರ್ಡ್ ಬಿದ್ದು ಹೊರಗೆ ಬಂದವನು ಕುರ್ಚಿಯಲ್ಲಿ ಎಷ್ಟು ನಿಮಿಷ ಕೂತ ಅಂತ ಲೆಕ್ಕ ಇಡುವುದು ನನ್ನ ಕೆಲಸ. ಕಳೆದ ಸೀಸನ್‌ನಲ್ಲಿ ಜಿಲ್ಲೆಯ ಒಂದು ಪಂದ್ಯಾವಳಿಯಲ್ಲಿ ನಡೆದದ್ದನ್ನು ಕಂಡ ಹಾಗೆ ಹೇಳುತ್ತೇನೆ. ಊರು, ತಂಡ, ಆಟಗಾರ, ಯಾರ ಹೆಸರನ್ನೂ ಹೇಳುವುದಿಲ್ಲ. ಹೆಸರು ಹೇಳಿದ ಕೂಡಲೇ ಮಾತೆಲ್ಲ ಆ ಹುಡುಗನ ಸುತ್ತ ಗಿರಕಿ ಹೊಡೆಯುತ್ತದೆ. ನನ್ನ ದೂರು ಹುಡುಗನಿಗಿಂತ ಜಾಸ್ತಿ ದೊಡ್ಡವರ ಮೇಲಿದೆ.

ಅದು ಕ್ವಾರ್ಟರ್‌ಫೈನಲ್. ಆಟ 2-2ರಲ್ಲಿತ್ತು. ಮುಗಿಯುವುದಕ್ಕೆ ಇನ್ನೇನು ಎರಡು ಮೂರು ನಿಮಿಷ. ಚೆಂಡು ಡಿಫೆಂಡರ್ ಕಾಲಿಗೆ ತಗುಲಿತು, ಅಂಪೈರ್ ಎದುರಾಳಿಗೆ ಪೆನಾಲ್ಟಿ ಕಾರ್ನರ್ ಕೊಟ್ಟರು, ಅಂದರೆ ಗೋಲ್ ಹೊಡೆಯಲು ಒಂದು ವಿಶೇಷ ಅವಕಾಶ. ಕಾಲಿಗೆ ತಗುಲಿದ್ದು ಸರ್ಕಲ್‌ನ (ಗೋಲ್ ಮುಂದಿನ ಅರ್ಧ ವೃತ್ತದ) ಹೊರಗೆ ಅಂತ ಡಿಫೆಂಡರ್ ವಾದಕ್ಕೆ ಬಂದ. ಅಂಪೈರ್ ಕೈ ತೋರಿಸಿ ಹಿಂದೆ ಹೋಗು ಅಂದರು. ಅವನು ಹೋಗಲಿಲ್ಲ. ಗ್ರೀನ್ ಕಾರ್ಡ್ ತೆಗೆದರು. ಆಗ ಅವನು ಸ್ಟಿಕ್ಕನ್ನು ಎರಡೂ ಕೈಯಲ್ಲಿ ಹಿಡಿದು ನೆಲಕ್ಕೆ ಬಡಿದ. ಮೊದಲ ಸಲ ಏನೂ ಆಗಲಿಲ್ಲ. ಎರಡನೇ ಸಲ ಬಡಿದಾಗ ಗಟ್ಟಿ ನೆಲದಿಂದ ಸ್ಟಿಕ್ ಪುಟಿದು, ಕೈ ತಪ್ಪಿ, ಅಂಪೈರ್ ಹುಬ್ಬಿನ ಮೇಲೆ ಬಿತ್ತು. ಅವರು ಮುಖ ಹಿಡಿದುಕೊಂಡು ಅಲ್ಲೇ ಕುಳಿತರು. ಬೆರಳ ಸಂದಿಯಿಂದ ರಕ್ತ ಇಳಿಯಿತು. ಆ ಕಡೆ ಅರ್ಧದಲ್ಲಿದ್ದ ಇನ್ನೊಬ್ಬ ಅಂಪೈರ್ ಓಡಿ ಬಂದು ರೆಡ್ ಕಾರ್ಡ್ ತೋರಿಸಿದರು. ನಾನು ಶೀಟ್‌ನಲ್ಲಿ ನಿಮಿಷ, ಜರ್ಸಿ ನಂಬರ್, ಕಾರ್ಡ್ ಬರೆದೆ. ಆಟ ಹೇಗೋ ಮುಗಿಯಿತು. ಆ ಹುಡುಗನ ತಂಡವೇ ಶೂಟೌಟ್‌ನಲ್ಲಿ ಗೆದ್ದಿತು.

ಗಾಯಗೊಂಡ ಅಂಪೈರ್ ಒಂದು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಎದುರಾಳಿ ತಂಡದ ಮ್ಯಾನೇಜರ್, ತಮ್ಮ ಕಾರಿನಲ್ಲಿ. ಹುಬ್ಬಿಗೆ ಹೊಲಿಗೆ ಬಿತ್ತು. ಬಿಲ್ ಕಟ್ಟಿದ್ದು ಮೇಷ್ಟ್ರೇ. ಅಂಪೈರಿಂಗ್‌ಗೆ ಅವರಿಗೆ ಸಿಗುವ ಹಣ ಬೈಕಿನ ಪೆಟ್ರೋಲ್‌ಗೆ, ಮಧ್ಯಾಹ್ನದ ಕಾಫಿಗೆ ಸರಿಹೋಗುತ್ತದೆ ಅಷ್ಟೆ. ಕಣ್ಣಿಗೆ ಒಂದು ಬೆರಳಿನಷ್ಟು ದೂರದಲ್ಲಿ ಬಿದ್ದ ಪೆಟ್ಟು ಅದು.

ಇಲ್ಲಿಯವರೆಗಿನದ್ದು ಮೈದಾನದ ಕಥೆ. ಇಂಥದ್ದು ಯಾವ ಮೈದಾನದಲ್ಲೂ ಆಗಬಹುದು. ನಾನು ಪತ್ರ ಬರೆಯುವ ಹಾಗೆ ಮಾಡಿದ್ದು ಆಮೇಲೆ ಸಂಜೆ ಶಾಮಿಯಾನದ ಹಿಂದೆ ನಡೆದದ್ದು.

ಸಮಿತಿಯ ಹಿರಿಯರು ಸೇರಿದರು. ಹುಡುಗನ ತಂಡದ ಮ್ಯಾನೇಜರ್ ಬಂದರು. ಟ್ರೋಫಿ ಕೊಡಿಸಿದವರೂ ಒಂದು ಕುರ್ಚಿ ಎಳೆದುಕೊಂಡು ಕೂತರು. ‘ಹುಡುಗ ಕಣ್ರೀ, ಬಿಸಿ ರಕ್ತ. ಬೇಕಂತ ಮಾಡಿದ್ದಲ್ಲ. ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಗೋ ವಯಸ್ಸು, ಸುಮ್ನೆ ಯಾಕೆ ಅವನ ಲೈಫ್ ಹಾಳು ಮಾಡ್ತೀರಾ’ ಅಂದರು ಒಬ್ಬರು. ‘ನಾಳೆ ಸೆಮಿಫೈನಲ್‌ಗೆ ಜನ ಬರೋದೇ ಅವನ ಆಟ ನೋಡೋಕೆ’ ಅಂದರು ಇನ್ನೊಬ್ಬರು. ಹಣೆಗೆ ಬ್ಯಾಂಡೇಜ್ ಕಟ್ಟಿಕೊಂಡು ಬಂದಿದ್ದ ಮೇಷ್ಟ್ರ ಮುಂದೆ ಹುಡುಗನನ್ನು ನಿಲ್ಲಿಸಿ, ‘ಸಾರಿ ಸಾರ್’ ಅನ್ನಿಸಿದರು. ಮೇಷ್ಟ್ರ ಕೈ ಹಿಡಿದು ಹುಡುಗನ ಕೈಗೆ ಕೊಟ್ಟರು. ಒಬ್ಬರು ಫೋಟೋ ತೆಗೆದರು. ಮೇಷ್ಟ್ರು ಏನು ಹೇಳುತ್ತಾರೆ ಅಂತ ಒಬ್ಬರೂ ಕೇಳಲಿಲ್ಲ. ಆಮೇಲೆ ನನ್ನ ಹತ್ತಿರ ಬಂದು, ‘ಶೀಟ್‌ನಲ್ಲಿ ರೆಡ್ ಅಂತಿರೋದನ್ನ ಯೆಲ್ಲೋ ಮಾಡ್ಬಿಡಿ’ ಅಂದರು. ಆಗಲ್ಲ ಅಂದೆ. ಹೊಸ ಶೀಟ್ ತಂದು ಬೇರೆಯವರ ಕೈಯಲ್ಲಿ ಬರೆಸಿದರು. ಮರುದಿನ ಹುಡುಗ ಸೆಮಿಫೈನಲ್ ಆಡಿದ. ಗೋಲನ್ನೂ ಹೊಡೆದ. ಶಿಳ್ಳೆ, ಚಪ್ಪಾಳೆ.

ಇದನ್ನು ರಾಜಿ ಅಂತ ಕರೆದರು. ಒಂದು ಕಡೆಯವರು ಮಾತ್ರ ಬಿಟ್ಟುಕೊಟ್ಟದ್ದಕ್ಕೆ ರಾಜಿ ಅನ್ನುವುದು ಹೇಗೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

‘ಬೇಕಂತ ಮಾಡಿದ್ದಲ್ಲ’ ಅನ್ನುವ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಯಾಕೆಂದರೆ ಅದು ಅರ್ಧ ನಿಜ. ಆ ಹುಡುಗ ಮೇಷ್ಟ್ರ ಹುಬ್ಬಿಗೆ ಗುರಿ ಇಟ್ಟು ಸ್ಟಿಕ್ ಎಸೆಯಲಿಲ್ಲ. ನಾನು ಅದನ್ನು ಎಲ್ಲಿ ಬೇಕಾದರೂ ಹೇಳಲು ಸಿದ್ಧ. ಆದರೆ ಬೇರೆಯವರು ನಿಂತಿರುವ ಜಾಗದಲ್ಲಿ ಸ್ಟಿಕ್ಕನ್ನು ಎತ್ತಿ ಬಡಿದದ್ದು ಬೇಕಂತಲೇ ಅಲ್ವಾ? ಹಾಕಿ ಸ್ಟಿಕ್ 737 ಗ್ರಾಂವರೆಗೂ ತೂಗಬಹುದು. ಡಿಫೆಂಡರ್‌ಗಳು ಪೆನಾಲ್ಟಿ ಕಾರ್ನರ್ ತಡೆಯುವಾಗ ಮುಖಕ್ಕೆ ಮಾಸ್ಕ್ ಹಾಕುತ್ತಾರೆ, ಕಾಲಿಗೆ ಶಿನ್‌ಗಾರ್ಡ್ ಕಟ್ಟುತ್ತಾರೆ, ಹಲ್ಲಿಗೆ ಗಾರ್ಡ್ ಇಡುತ್ತಾರೆ. ಗೋಲ್‌ಕೀಪರ್ ಅಂತೂ ತಲೆಯಿಂದ ಪಾದದವರೆಗೆ ಮುಚ್ಚಿಕೊಂಡಿರುತ್ತಾನೆ. ಅದೇ ಸರ್ಕಲ್ ಪಕ್ಕದಲ್ಲಿ ನಿಂತ ಅಂಪೈರ್ ಹತ್ತಿರ ಏನಿದೆ? ಒಂದು ವಿಷಲ್, ಒಂದು ವಾಚು, ಜೇಬಿನಲ್ಲಿ ಮೂರು ಕಾರ್ಡು. ಗುರಿ ಇಟ್ಟು ಹೊಡೆದವನಿಗೂ ಕೈ ತಪ್ಪಿ ತಗುಲಿಸಿದವನಿಗೂ ಒಂದೇ ಶಿಕ್ಷೆ ಬೇಡ. ಒಪ್ಪುತ್ತೇನೆ. ಹಾಗಂತ ಎರಡನೆಯವನಿಗೆ ಶಿಕ್ಷೆಯೇ ಇಲ್ಲ ಅನ್ನುವುದು ಯಾವ ನ್ಯಾಯ?

ಇನ್ನು ನಿಯಮದ ಮಾತು. ಗ್ರೀನ್ ಕಾರ್ಡ್ ಬಿದ್ದರೆ 2 ನಿಮಿಷ ಹೊರಗೆ. ಯೆಲ್ಲೋ ಬಿದ್ದರೆ ಕಡಿಮೆ ಅಂದರೂ 5 ನಿಮಿಷ. ರೆಡ್ ಬಿದ್ದರೆ ಆ ಪಂದ್ಯದಿಂದಲೇ ಹೊರಗೆ, ತಂಡ ಕೊನೆಯವರೆಗೂ ಒಬ್ಬ ಆಟಗಾರನಿಲ್ಲದೆ ಆಡಬೇಕು. ಅಂಪೈರ್ ಕೈಯಲ್ಲಿರುವುದು ಇಷ್ಟೇ. ಮುಂದಿನ ಪಂದ್ಯ, ಮುಂದಿನ ತಿಂಗಳು, ಮುಂದಿನ ವರ್ಷದ ಮಾತೆಲ್ಲ ಪಂದ್ಯಾವಳಿ ನಡೆಸುವವರಿಗೆ ಸೇರಿದ್ದು, ಅಂದರೆ ನಿಮಗೆ. ನೀವು ಕೊಡುವ ಎಂಟ್ರಿ ಫಾರಂಗಳನ್ನು ತೆಗೆದು ನೋಡಿ. ಪ್ರವೇಶ ಶುಲ್ಕ ಎಷ್ಟು, ಜರ್ಸಿ ಬಣ್ಣ ಯಾವುದು, ಎಷ್ಟು ಹೊತ್ತಿಗೆ ರಿಪೋರ್ಟ್ ಮಾಡಬೇಕು, ಎಲ್ಲ ಇದೆ. ಕೊನೆಯಲ್ಲಿ ‘ಸಮಿತಿಯ ತೀರ್ಮಾನವೇ ಅಂತಿಮ’ ಅಂತ ಒಂದು ಸಾಲು. ಅಂಪೈರ್ ಮೇಲೆ ಕೈ ಮಾಡಿದರೆ ಏನು ಅನ್ನುವುದು ಎಲ್ಲೂ ಇಲ್ಲ. ಇಲ್ಲದ ನಿಯಮವನ್ನು ಸಂಜೆ ಕೂತು ಹುಡುಕಬೇಕು. ಹುಡುಕುವ ಹೊತ್ತಿಗೆ ಹುಡುಗ ಯಾರ ಮಗ, ಯಾವ ತಂಡದವನು, ನಾಳೆ ಯಾರ ಮ್ಯಾಚು ಅನ್ನುವುದೆಲ್ಲ ಎಲ್ಲರಿಗೂ ಗೊತ್ತಿರುತ್ತದೆ. ಇಂಥ ಹೊತ್ತಿನಲ್ಲಿ ದೇವರೇ ಬಂದು ಕೂತರೂ ನ್ಯಾಯ ಹೇಳುವುದು ಕಷ್ಟ.

ನಮ್ಮಲ್ಲಿ ಮರೆತುಹೋಗಿರುವ ಇನ್ನೊಂದು ನಿಯಮ ಇದೆ. ತನ್ನ ತಂಡದ ಎಲ್ಲ ಆಟಗಾರರ ನಡವಳಿಕೆಗೆ ಕ್ಯಾಪ್ಟನ್ ಜವಾಬ್ದಾರ ಅಂತ ಹಾಕಿ ನಿಯಮ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿದೆ. ಆ ಜವಾಬ್ದಾರಿ ನಿಭಾಯಿಸದ ಕ್ಯಾಪ್ಟನ್‌ಗೂ ಕಾರ್ಡ್ ತೋರಿಸಬಹುದು. ತೋಳಿಗೆ ಪಟ್ಟಿ ಕಟ್ಟಿಸುವುದು ಟಾಸ್‌ಗೆ ಮಾತ್ರ ಅಲ್ಲ. ನಾನು ಹೇಳಿದ ಪಂದ್ಯದಲ್ಲಿ ಹುಡುಗ ವಾದಕ್ಕೆ ನಿಂತು ಗ್ರೀನ್ ಕಾರ್ಡ್ ನೋಡಿ ಸ್ಟಿಕ್ ಬಡಿಯುವವರೆಗೆ ಸಾಕಷ್ಟು ಹೊತ್ತಿತ್ತು. ಕ್ಯಾಪ್ಟನ್ ನಾಲ್ಕು ಹೆಜ್ಜೆ ದೂರದಲ್ಲಿದ್ದರು. ಬಂದು ಭುಜ ಹಿಡಿದು ಎಳೆದುಕೊಂಡು ಹೋಗಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ. ಅವರೂ ಅಂಪೈರ್ ಕಡೆ ಕೈ ಬೀಸಿ ಕೂಗುತ್ತಿದ್ದರು.

ಬೇರೆ ಕಡೆ ಏನು ಮಾಡುತ್ತಾರೆ ಅಂತ ನೋಡೋಣ. ಅಮೆರಿಕ, ಕೆನಡಾದಲ್ಲಿ ಐಸ್ ಹಾಕಿಯ ದೊಡ್ಡ ಲೀಗ್ ಇದೆ, ಎನ್‌ಎಚ್‌ಎಲ್ ಅಂತ. ಅಲ್ಲಿ ಆಟಗಾರರು ಗ್ಲೌಸ್ ಬಿಸಾಡಿ ಒಬ್ಬರ ಮುಖಕ್ಕೊಬ್ಬರು ಗುದ್ದುತ್ತಾರೆ, ಐದು ನಿಮಿಷ ಹೊರಗೆ ಕೂತು ಮತ್ತೆ ಆಡುತ್ತಾರೆ. ಹೊಡೆದಾಟವನ್ನು ಅಷ್ಟು ಸಹಿಸುವ ಆ ಲೀಗ್ ಕೂಡ ಅಂಪೈರ್ ವಿಷಯಕ್ಕೆ ಬಂದರೆ ಗಟ್ಟಿ ಗೆರೆ ಎಳೆದಿದೆ. ಬೇಕಂತಲೇ ಹೊಡೆದು ಗಾಯ ಮಾಡಿದರೆ, ಅಥವಾ ಗಾಯ ಮಾಡುವ ಉದ್ದೇಶದಿಂದ ಹೊಡೆದರೆ ಕಡಿಮೆ ಅಂದರೂ 20 ಪಂದ್ಯ ನಿಷೇಧ. ಗಾಯ ಮಾಡುವ ಉದ್ದೇಶ ಇಲ್ಲದೆ ಬಲ ಪ್ರಯೋಗಿಸಿದರೆ ಕಡಿಮೆ ಅಂದರೂ 10. ಅದಕ್ಕಿಂತ ಚಿಕ್ಕದಕ್ಕೆ 3. ನೋಡಿ, ನಮ್ಮ ಹಿರಿಯರು ಶಾಮಿಯಾನದ ಹಿಂದೆ ಕೂತು ವಾದ ಮಾಡಿದ ‘ಬೇಕಂತ ಮಾಡಿದ್ದಾ, ಇಲ್ಲವಾ’ ಅನ್ನುವ ಪ್ರಶ್ನೆಯನ್ನು ಅವರು ಮೊದಲೇ ಕೂತು ಯೋಚಿಸಿ, ಬರೆದು, ಪ್ರತಿಯೊಂದಕ್ಕೂ ಒಂದು ಕನಿಷ್ಠ ಶಿಕ್ಷೆ ಇಟ್ಟಿದ್ದಾರೆ.

ಆ ನಿಯಮ ದೊಡ್ಡ ಪರೀಕ್ಷೆಗೆ ಒಳಗಾದದ್ದು 2016ರಲ್ಲಿ. ಜನವರಿ 27ರಂದು ಕ್ಯಾಲ್ಗರಿ ತಂಡದ ಡೆನಿಸ್ ವೈಡ್‌ಮನ್ ಎದುರಾಳಿಯ ಡಿಕ್ಕಿ ತಿಂದು ಎದ್ದು ತನ್ನ ಬೆಂಚಿನ ಕಡೆ ಬರುತ್ತಿದ್ದ. ದಾರಿಯಲ್ಲಿ ಬೆನ್ನು ಹಾಕಿದ್ದ ಲೈನ್ಸ್‌ಮನ್ (ಸಹಾಯಕ ಅಂಪೈರ್) ಡಾನ್ ಹೆಂಡರ್ಸನ್ ಅವರನ್ನು ಸ್ಟಿಕ್ ಅಡ್ಡ ಹಿಡಿದು ಹಿಂದಿನಿಂದ ತಳ್ಳಿ ಬೀಳಿಸಿದ. ಲೀಗ್ 20 ಪಂದ್ಯ ನಿಷೇಧ ಹಾಕಿತು. ತಲೆಗೆ ಪೆಟ್ಟು ಬಿದ್ದು ಮಂಪರಿನಲ್ಲಿದ್ದೆ, ಬೇಕಂತ ಮಾಡಲಿಲ್ಲ ಅಂತ ಆಟಗಾರನ ವಾದ. ಲೀಗ್ ಮುಖ್ಯಸ್ಥರು ಮೇಲ್ಮನವಿಯನ್ನು ಒಪ್ಪಲಿಲ್ಲ. ಆಮೇಲೆ ಹೊರಗಿನ ಮಧ್ಯಸ್ಥಗಾರರ ಮುಂದೆ ಹೋಯಿತು. ಅವರು ಗಾಯ ಮಾಡುವ ಉದ್ದೇಶ ಇರಲಿಲ್ಲ ಅಂತ ಹೇಳಿ ನಿಷೇಧವನ್ನು 10 ಪಂದ್ಯಕ್ಕೆ ಇಳಿಸಿದರು. ಅಷ್ಟರಲ್ಲಿ ಅವನು 19 ಪಂದ್ಯ ಹೊರಗೆ ಕೂತಾಗಿತ್ತು! ಹೆಂಡರ್ಸನ್ ಕುತ್ತಿಗೆಗೆ ಆಪರೇಷನ್ ಆಯಿತು. 2018ರಲ್ಲಿ ಅವರು ಆಟಗಾರನ ಮೇಲೆ ಮತ್ತು ಅವನ ತಂಡದ ಮೇಲೆ ಪರಿಹಾರಕ್ಕೆ ದಾವೆ ಹೂಡಿದರು.

ಆ ಪ್ರಕರಣದಲ್ಲಿ ಲೀಗ್ ಮಾಡಿದ್ದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಮೇಲ್ಮನವಿ ಮುಗಿಯುವ ಮೊದಲೇ ಶಿಕ್ಷೆ ಹೆಚ್ಚು ಕಡಿಮೆ ಮುಗಿದಿತ್ತು, ಅದು ಆಟಗಾರನಿಗೆ ಆದ ಅನ್ಯಾಯವೇ. ಆದರೆ ಒಂದು ವಿಷಯ ಗಮನಿಸಿ. ಆಟಗಾರನ ಪರವಾಗಿ ಬಂದ ತೀರ್ಪು ಕೂಡ 10 ಪಂದ್ಯಕ್ಕಿಂತ ಕೆಳಗೆ ಇಳಿಯಲಿಲ್ಲ. ‘ಪಾಪ ಹುಡುಗ’ ಅಂತ ಸೊನ್ನೆ ಮಾಡಲು ಅಲ್ಲಿ ದಾರಿಯೇ ಇರಲಿಲ್ಲ.

‘ಜನ ಬರೋದೇ ಅವನ ಆಟ ನೋಡೋಕೆ’ ಅಂದವರಿಗೆ ಒಂದು ಹಳೆಯ ಕಥೆ ಹೇಳಬೇಕು. 1955ರಲ್ಲಿ ಅದೇ ಲೀಗ್‌ನ ಮಾಂಟ್ರಿಯಲ್ ತಂಡದ ಆಟಗಾರ ಮಾರಿಸ್ ರಿಚರ್ಡ್ ಅಂದರೆ ಆ ಊರಿಗೆ ದೇವರ ಸಮಾನ. ಮಾರ್ಚ್ 13ರಂದು ಬಾಸ್ಟನ್‌ನಲ್ಲಿ ನಡೆದ ಪಂದ್ಯದ ಜಗಳದಲ್ಲಿ ಅವನು ಲೈನ್ಸ್‌ಮನ್ ಕ್ಲಿಫ್ ಥಾಂಪ್ಸನ್‌ಗೆ ಗುದ್ದಿದ. ಲೀಗ್ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಬೆಲ್ ಆ ಸೀಸನ್‌ನ ಉಳಿದ ಪಂದ್ಯಗಳಿಗೂ ಇಡೀ ಪ್ಲೇಆಫ್‌ಗೂ ಅವನನ್ನು ಹೊರಗಿಟ್ಟರು. ಮಾರ್ಚ್ 17ರಂದು ಮಾಂಟ್ರಿಯಲ್ ಬೀದಿಗಳಲ್ಲಿ ದೊಡ್ಡ ಗಲಾಟೆಯೇ ಆಯಿತು. ಪಂದ್ಯ ನೋಡಲು ಬಂದಿದ್ದ ಕ್ಯಾಂಬೆಲ್ ಮೇಲೆ ಟೊಮೆಟೊ, ಮೊಟ್ಟೆ ಎಸೆದರು. ಅಂಗಡಿಗಳ ಗಾಜು ಒಡೆದರು. ಕೊನೆಗೆ ರಿಚರ್ಡ್ ತಾನೇ ರೇಡಿಯೋದಲ್ಲಿ ಜನರಿಗೆ ಸಮಾಧಾನ ಹೇಳಬೇಕಾಯಿತು. ಇಷ್ಟಾದರೂ ನಿಷೇಧ ತೆಗೆಯಲಿಲ್ಲ. ಆ ತಂಡ ಮುಳುಗಿಹೋಯಿತಾ? ಇಲ್ಲ. ಮರುವರ್ಷದಿಂದ, ರಿಚರ್ಡ್ ಜೊತೆಗೇ, 1956ರಿಂದ 1960ರವರೆಗೆ ಸತತ ಐದು ಸಲ ಆ ಲೀಗ್‌ನ ಟ್ರೋಫಿ ಸ್ಟಾನ್ಲಿ ಕಪ್ ಗೆದ್ದಿತು. ನಮ್ಮ ಸೆಮಿಫೈನಲ್‌ಗೆ ಬರುತ್ತಿದ್ದ ನಾಲ್ಕು ಜನ ಬರದೇ ಇದ್ದಿದ್ದರೆ ಏನಾಗುತ್ತಿತ್ತು ಹೇಳಿ. ಪೆಪ್ಪರ್‌ಮಿಂಟ್ ಮಾರುವವರಿಗೆ ಸ್ವಲ್ಪ ನಷ್ಟ ಆಗುತ್ತಿತ್ತೇನೋ.

ಐಸ್ ಹಾಕಿ ನಮ್ಮ ಆಟ ಅಲ್ಲ ಅಂತ ನೀವು ಹೇಳಬಹುದು. ಸರಿ, ನಮ್ಮ ಆಟಕ್ಕೇ ಬರೋಣ. 1972ರ ಮ್ಯೂನಿಕ್ ಒಲಿಂಪಿಕ್ಸ್. ಪಕ್ಕದ ಕೊಡಗಿನ ಎಂ.ಪಿ. ಗಣೇಶ್ ಇದ್ದ ನಮ್ಮ ಭಾರತ ತಂಡಕ್ಕೆ ಅಲ್ಲಿ ಕಂಚು ಬಂತು. ಫೈನಲ್‌ನಲ್ಲಿ ಪಾಕಿಸ್ತಾನ ಪಶ್ಚಿಮ ಜರ್ಮನಿಗೆ 1-0ಯಿಂದ ಸೋತಿತು. ಅಂಪೈರ್‌ಗಳು ಮೋಸ ಮಾಡಿದರು ಅಂತ ಪಾಕಿಸ್ತಾನದವರ ಸಿಟ್ಟು. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ಅಧ್ಯಕ್ಷ ರೆನೆ ಫ್ರಾಂಕ್ ಮೇಲೆ ನೀರು ಸುರಿದರು. ಪದಕ ಕೊಡುವಾಗಲೂ ಅವಮಾನ ಆಗುವ ಹಾಗೆ ನಡೆದುಕೊಂಡರು. 11 ಆಟಗಾರರಿಗೆ ಆಜೀವ ನಿಷೇಧ ಬಿತ್ತು. ಆಮೇಲೆ? ನಿಷೇಧ ತೆಗೆದರು. ಅವರಲ್ಲಿ ಕೆಲವರು ಮತ್ತೆ ಪಾಕಿಸ್ತಾನಕ್ಕೆ ಆಡಿದರು.

ಇದನ್ನು ಯಾಕೆ ಹೇಳಿದೆ ಅಂದರೆ, ನಮ್ಮಲ್ಲೂ ಅಂಪೈರ್ ಬಳಗದ ಕೆಲವರು ‘ಇಂಥವರಿಗೆ ಲೈಫ್ ಬ್ಯಾನ್ ಹಾಕಬೇಕು’ ಅನ್ನುತ್ತಾರೆ. ಅವರ ನೋವು ಅರ್ಥ ಆಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ದೊಡ್ಡ ಶಿಕ್ಷೆ ಹಾಕುವಾಗ ಕೈ ನಡುಗುತ್ತದೆ. ಹಾಕಿದ ಮೇಲೆ ತೆಗೆಯಲು ಒತ್ತಡ ಬರುತ್ತದೆ. ಹತ್ತೊಂಬತ್ತು ವರ್ಷದ ಹುಡುಗನಿಗೆ ಇಡೀ ಜೀವನ ಹಾಕಿ ಇಲ್ಲ ಅಂದರೆ ನನಗೂ ಕರುಳು ಚುರುಕ್ ಅನ್ನುತ್ತದೆ. ಆ ಕರುಣೆಯ ಬಾಗಿಲಲ್ಲೇ ಎಲ್ಲ ರಾಜಿಗಳೂ ನುಗ್ಗುವುದು. ಚಿಕ್ಕದಾದರೂ ತಪ್ಪಿಸಿಕೊಳ್ಳಲಾಗದ ಶಿಕ್ಷೆ ಬೇಕು. 2019ರಲ್ಲಿ ದೆಹಲಿಯಲ್ಲಿ ನೆಹರು ಕಪ್ ಫೈನಲ್ ನಡೆದಾಗ ಪಂಜಾಬ್ ಪೊಲೀಸ್ ಮತ್ತು ಪಂಜಾಬ್ ನ್ಯಾಷನಲ್ ಬ್ಯಾಂಕ್ ತಂಡದವರು ಮೈದಾನದಲ್ಲೇ ಸ್ಟಿಕ್ ಹಿಡಿದು ಬಡಿದಾಡಿಕೊಂಡರು. ದೇಶದ ಹಾಕಿ ನೋಡಿಕೊಳ್ಳುವ ಸಂಸ್ಥೆ ಹಾಕಿ ಇಂಡಿಯಾ ವಿಚಾರಣೆ ಮಾಡಿ ಹಲವು ಆಟಗಾರರನ್ನು ತಿಂಗಳುಗಟ್ಟಲೆ ಅಮಾನತಿನಲ್ಲಿಟ್ಟಿತು. ಆ ದಾರಿ ನನಗೆ ಸರಿ ಕಾಣುತ್ತದೆ.

ಕ್ರಿಕೆಟ್‌ನವರೂ ಈಗ ಎಚ್ಚೆತ್ತಿದ್ದಾರೆ. 2017ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಹೊಸ ನಿಯಮಗಳಲ್ಲಿ, ಅಂಪೈರ್ ಮೇಲೆ ಹಲ್ಲೆ ಮಾಡುವುದಿರಲಿ, ಹಲ್ಲೆ ಮಾಡುತ್ತೇನೆ ಅಂತ ಬೆದರಿಸಿದರೂ ಆಟಗಾರನನ್ನು ಪಂದ್ಯದಿಂದ ಹೊರಗೆ ಕಳಿಸಬಹುದು.

ಈಗ ಹುಡುಗರ ಕಡೆಯ ಮಾತನ್ನೂ ಹೇಳಬೇಕು. ಅವರ ಸಿಟ್ಟು ಆಕಾಶದಿಂದ ಉದುರಿದ್ದಲ್ಲ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಒಲಿಂಪಿಕ್ಸ್‌ವರೆಗೆ ಹೋದದ್ದನ್ನು ನೋಡಿ ಬೆಳೆದ ಹುಡುಗರು ಇವರು. ಒಂದು ಪಂದ್ಯಾವಳಿಯಲ್ಲಿ ಚೆನ್ನಾಗಿ ಆಡಿದರೆ ಯಾರಾದರೂ ನೋಡುತ್ತಾರೆ, ಟ್ರಯಲ್ಸ್‌ಗೆ ಕರೆಯುತ್ತಾರೆ, ಒಂದು ಕೆಲಸ ಸಿಗುತ್ತದೆ ಅನ್ನುವ ಆಸೆ. ಅಂಥ ಹೊತ್ತಿನಲ್ಲಿ ಒಂದು ತಪ್ಪು ವಿಷಲ್ ಎಲ್ಲವನ್ನೂ ಕಿತ್ತುಕೊಂಡ ಹಾಗೆ ಅನ್ನಿಸುತ್ತದೆ. ಅಂಪೈರ್‌ಗಳು ತಪ್ಪು ಮಾಡುತ್ತಾರೆ, ಅದೂ ನಿಜ. ದೊಡ್ಡ ಪಂದ್ಯಗಳಲ್ಲಿ ತಂಡಗಳು ವಿಡಿಯೋ ರೆಫರಲ್, ಅಂದರೆ ವಿಡಿಯೋ ನೋಡಿ ಮರುಪರಿಶೀಲನೆ, ಕೇಳಬಹುದು. ನಮ್ಮಲ್ಲಿ ಇಬ್ಬರು ಅಂಪೈರ್‌ಗಳು, ನಾಲ್ಕು ಕಣ್ಣು, ಧೂಳು. ಬೆಳಿಗ್ಗೆಯಿಂದ ಬಿಸಿಲಲ್ಲಿ ಒಂದರ ಮೇಲೊಂದು ಮ್ಯಾಚ್ ಮಾಡಿ ಸುಸ್ತಾದವರನ್ನೇ ಸಂಜೆಯ ನಾಕೌಟ್‌ಗೂ ಇಳಿಸುತ್ತೀರಿ. ಹೊಸ ನಿಯಮ ಬಂದರೆ ಅವರಿಗೆ ಯಾರೂ ಹೇಳಿಕೊಡುವುದಿಲ್ಲ. ಕೆಲವು ಸಲ ಆತಿಥೇಯ ತಂಡದ ನೆಂಟರನ್ನೇ ಅಂಪೈರ್ ಮಾಡಿದ್ದನ್ನೂ ನೋಡಿದ್ದೇನೆ. ಅಂಥ ಕಡೆ ಆಟಗಾರರಿಗೆ ಅನುಮಾನ ಬಂದರೆ ತಪ್ಪೇನಿದೆ?

ಹಾಗಾಗಿ ಅಂಪೈರ್ ಮೇಲೆ ದೂರು ಕೊಡಲು ಒಂದು ನೇರ ದಾರಿ ಮಾಡಿ. ಪಂದ್ಯ ಮುಗಿದ ಒಂದು ಗಂಟೆಯೊಳಗೆ ಕ್ಯಾಪ್ಟನ್ ಅಥವಾ ಮ್ಯಾನೇಜರ್ ಬರವಣಿಗೆಯಲ್ಲಿ ಕೊಡಲಿ. ಅದನ್ನು ನೋಡಲು ಆ ಪಂದ್ಯಕ್ಕೆ ಸಂಬಂಧವಿಲ್ಲದ ಒಬ್ಬ ಹಿರಿಯ ಅಂಪೈರ್ ಇರಲಿ. ಪದೇ ಪದೇ ದೂರು ಬಂದವರನ್ನು ನಾಕೌಟ್‌ಗೆ ಹಾಕಬೇಡಿ. ಇದು ಅಂಪೈರ್‌ಗಳಿಗೂ ಒಳ್ಳೆಯದೇ. ಬಾಯಿಗೆ ದಾರಿ ಇದ್ದರೆ ಕೈ ಸುಮ್ಮನಿರುತ್ತದೆ.

ಶಿಕ್ಷೆಯ ವಿಷಯದಲ್ಲಿ ನಾನು ಕೇಳುವುದನ್ನು ಬಿಡಿಸಿ ಹೇಳುತ್ತೇನೆ. ಪಂದ್ಯಗಳ ಲೆಕ್ಕದಲ್ಲಿ ನಿಷೇಧ ನಮ್ಮ ಕಡೆಗೆ ಹೊಂದುವುದಿಲ್ಲ. ಎನ್‌ಎಚ್‌ಎಲ್‌ನಲ್ಲಿ ಒಂದು ಸೀಸನ್‌ಗೆ ಒಂದೊಂದು ತಂಡಕ್ಕೆ ಎಂಬತ್ತಕ್ಕೂ ಹೆಚ್ಚು ಪಂದ್ಯ ಇರುತ್ತವೆ. ನಮ್ಮದು ನಾಕೌಟ್. ಎರಡು ಪಂದ್ಯ ನಿಷೇಧ ಅಂದರೆ, ತಂಡ ಮರುದಿನ ಸೋತರೆ ಅದು ಅಲ್ಲಿಗೇ ಮುಗಿಯಿತು. ಮುಂದಿನ ವಾರ ಅದೇ ಹುಡುಗ ಇನ್ನೊಂದು ಊರಿನಲ್ಲಿ ಇನ್ನೊಂದು ತಂಡದ ಜರ್ಸಿ ಹಾಕಿಕೊಂಡು ಗೆಸ್ಟ್ ಪ್ಲೇಯರ್ ಆಗಿ ಇಳಿಯುತ್ತಾನೆ. ಆದ್ದರಿಂದ ನಿಷೇಧ ತಿಂಗಳ ಲೆಕ್ಕದಲ್ಲಿರಲಿ. ಅದು ತಂಡಕ್ಕಲ್ಲ, ಆಟಗಾರನಿಗೆ ಅಂಟಿಕೊಳ್ಳಲಿ. ಜಿಲ್ಲೆಯ ಎಲ್ಲ ಸಮಿತಿಗಳೂ ಒಂದೇ ಪಟ್ಟಿ ಇಟ್ಟುಕೊಳ್ಳಲಿ. ಪಕ್ಕದ ಕೊಡಗಿನ ಸಂಘಟಕರಿಗೂ ಅದನ್ನು ಕಳಿಸಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ, ಕೊಡವ ಕುಟುಂಬಗಳೇ ತಂಡ ಕಟ್ಟಿ ಆಡುವ ಕೌಟುಂಬಿಕ ಹಾಕಿ ಇವತ್ತು ನೂರಾರು ತಂಡಗಳ ಹಬ್ಬ ಆಗಿದೆ. ಅಷ್ಟು ಜನರನ್ನು ಸೇರಿಸಿ ಆಟ ಆಡಿಸುವವರಿಗೆ ಒಂದು ಪಟ್ಟಿ ಇಟ್ಟುಕೊಳ್ಳುವುದು ಕಷ್ಟ ಆಗಲಾರದು.

ಎಷ್ಟು ತಿಂಗಳು ಅನ್ನುವುದನ್ನು ನೀವೇ ಕೂತು ತೀರ್ಮಾನಿಸಿ, ಆದರೆ ಪಂದ್ಯಾವಳಿಗೆ ಮೊದಲು. ನನ್ನ ಅಭಿಪ್ರಾಯ ಕೇಳಿದರೆ, ಗುರಿ ಇಟ್ಟು ಹೊಡೆದವನಿಗೆ ಎರಡು ಪೂರ್ತಿ ಸೀಸನ್. ಸಿಟ್ಟಿನಲ್ಲಿ ಸ್ಟಿಕ್ ಎಸೆದೋ ಬಡಿದೋ ತಳ್ಳಿಯೋ ಗಾಯ ಮಾಡಿದವನಿಗೆ ಒಂದು ಸೀಸನ್. ಅದೃಷ್ಟಕ್ಕೆ ಗಾಯ ಆಗದೆ ತಪ್ಪಿದರೂ, ಮೈ ಮುಟ್ಟಿದವನಿಗೆ ಆ ಪಂದ್ಯಾವಳಿ ಅಲ್ಲಿಗೇ ಮುಗಿಯಬೇಕು. ಎಷ್ಟು ಹೊಲಿಗೆ ಬಿತ್ತು ಅಂತ ಎಣಿಸಿ ಶಿಕ್ಷೆ ಕೊಡುವುದು ನನಗೆ ಒಪ್ಪಿಗೆ ಇಲ್ಲ. ಸ್ಟಿಕ್ ಹುಬ್ಬಿಗೆ ಬಿತ್ತಾ ಕಣ್ಣಿಗೆ ಬಿತ್ತಾ ಅನ್ನುವುದು ಹುಡುಗನ ಕೈಯಲ್ಲಿರಲಿಲ್ಲ. ಬಡಿಯದೇ ಇರುವುದು ಅವನ ಕೈಯಲ್ಲಿತ್ತು.

ತೀರ್ಮಾನ ಮಾಡುವ ಮೂವರಲ್ಲಿ ಆ ಎರಡು ತಂಡದವರು, ದಾನಿಗಳು, ಟ್ರೋಫಿ ಕೊಡಿಸಿದವರು ಯಾರೂ ಇರಬಾರದು. ಆಟಗಾರನ ಮಾತು ಕೇಳಲಿ, ಅಂಪೈರ್ ಮಾತೂ ಕೇಳಲಿ. ಈಗ ಪ್ರತಿ ಮ್ಯಾಚನ್ನೂ ಯಾರಾದರೂ ಮೊಬೈಲ್‌ನಲ್ಲಿ ಹಿಡಿದಿರುತ್ತಾರೆ, ಆ ವಿಡಿಯೋ ನೋಡಲಿ. ಎರಡು ದಿನದೊಳಗೆ ತೀರ್ಪು ಬರೆದು ಕೊಡಲಿ. ಅಲ್ಲಿಯವರೆಗೆ ರೆಡ್ ಕಾರ್ಡ್ ಬಿದ್ದವನು ಆಡುವಂತಿಲ್ಲ. ಹುಡುಗ ಮನಸಾರೆ ಕ್ಷಮೆ ಕೇಳಿದರೆ ಸಂತೋಷ. ಅದು ಅವನಿಗೂ ಮೇಷ್ಟ್ರಿಗೂ ಬಿಟ್ಟದ್ದು. ಫೋಟೋಗೆ ನಿಲ್ಲಿಸಿ ಹೇಳಿಸಿದ ಸಾರಿಯಿಂದ ಒಂದು ದಿನವೂ ಕಡಿಮೆ ಆಗಬಾರದು. ಮ್ಯಾಚ್ ಶೀಟ್ ಅನ್ನು ಇಬ್ಬರು ಅಂಪೈರ್‌ಗಳು ಸಹಿ ಮಾಡಿದ ಮೇಲೆ ಯಾರೂ ಮುಟ್ಟಬಾರದು. ಸಹಿ ಆದ ಕೂಡಲೇ ಫೋಟೋ ತೆಗೆದು ಎರಡೂ ತಂಡಕ್ಕೆ ಕಳಿಸಿಬಿಟ್ಟರೆ ಈ ಹೊಸ ಶೀಟಿನ ಆಟ ನಿಂತುಹೋಗುತ್ತದೆ.

ಆಸ್ಪತ್ರೆ ಖರ್ಚನ್ನು ಗಾಯ ಮಾಡಿದವನ ತಂಡವೇ ಕೊಡಬೇಕು. ಕೊಡುವವರೆಗೆ ಸಮಿತಿ ಕೈಯಿಂದ ಹಾಕಲಿ, ಆಮೇಲೆ ತಂಡದ ಬಹುಮಾನದ ಹಣದಲ್ಲಿ ಹಿಡಿದುಕೊಳ್ಳಲಿ. ಮೇಷ್ಟ್ರ ಜೇಬಿಗೆ ಕೈ ಹಾಕಿಸಿದ್ದು ನನಗೆ ತುಂಬಾ ಬೇಸರ ತಂದ ವಿಷಯ. ಮೈದಾನದ ಪಕ್ಕ ಒಂದು ಫಸ್ಟ್ ಏಡ್ ಪೆಟ್ಟಿಗೆ, ಒಂದು ವಾಹನ ಇರಲಿ ಅಂತ ಹೇಳಬೇಕಾಗಿ ಬಂದದ್ದೇ ನಾಚಿಕೆ.

ಪೊಲೀಸ್ ಮಾತನ್ನು ಹೇಳದೆ ಬಿಡುವಂತಿಲ್ಲ. ಹತ್ತೊಂಬತ್ತರ ಹುಡುಗನನ್ನು ಠಾಣೆಗೆ ಎಳೆಯಬೇಕು ಅನ್ನುವ ಆಸೆ ನನಗಿಲ್ಲ. ಆದರೆ ಮೈದಾನದ ಗೆರೆಯೊಳಗೆ ದೇಶದ ಕಾನೂನು ನಡೆಯುವುದಿಲ್ಲ ಅಂತ ಯಾರೂ ಅಂದುಕೊಳ್ಳಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ, ಹಿಂದಿನ ಐಪಿಸಿಯಲ್ಲಿದ್ದ ಹಾಗೆಯೇ, ಮೂಳೆ ಅಥವಾ ಹಲ್ಲು ಮುರಿದರೆ ಅದು ಭಾರೀ ಗಾಯದ ಲೆಕ್ಕಕ್ಕೆ ಬರುತ್ತದೆ. ಅಂಥ ಗಾಯವನ್ನು ಬೇಕಂತಲೇ ಮಾಡಿದ್ದು ಸಾಬೀತಾದರೆ ಏಳು ವರ್ಷದವರೆಗೆ ಜೈಲಾಗಬಹುದು. ದೂರು ಕೊಡುವುದು, ಬಿಡುವುದು ಗಾಯಗೊಂಡವರ ಹಕ್ಕು. ‘ಪೊಲೀಸ್ ಗಿಲೀಸ್ ಬೇಡ ಸಾರ್, ಊರಿನ ಮರ್ಯಾದೆ ಪ್ರಶ್ನೆ’ ಅಂತ ಆಸ್ಪತ್ರೆಯಿಂದ ಬಂದವರನ್ನು ಸುತ್ತುವರಿಯುವ ಹಕ್ಕು ಯಾವ ಸಮಿತಿಗೂ ಇಲ್ಲ. ನೀವೇ ನ್ಯಾಯವಾದ ಶಿಕ್ಷೆ ಕೊಟ್ಟರೆ ಹೆಚ್ಚಿನವರು ಠಾಣೆ ಮೆಟ್ಟಿಲು ಹತ್ತುವುದೂ ಇಲ್ಲ.

ಆ ಮೇಷ್ಟ್ರು ಈಗ ಅಂಪೈರಿಂಗ್ ಮಾಡುತ್ತಿಲ್ಲ. ಮನೆಯವರು ಬಿಡುತ್ತಿಲ್ಲವಂತೆ. ಅವರ ಶಾಲೆಯಲ್ಲಿ ಹಾಕಿ ಆಡಿ ಮುಗಿಸಿದ ಒಬ್ಬಳು ಹುಡುಗಿ ಅಂಪೈರ್ ಪರೀಕ್ಷೆಗೆ ಕೂರಬೇಕು ಅಂತಿದ್ದಳು. ಅವಳ ತಂದೆ ಬೇಡ ಅಂದರು. ಇನ್ನೊಬ್ಬ ಹಿರಿಯ ಅಂಪೈರ್ ಇನ್ನು ಶಾಲಾ ಮಕ್ಕಳ ಪಂದ್ಯ ಮಾತ್ರ ಮಾಡುತ್ತೇನೆ ಅಂತ ಹೇಳಿದ್ದಾರೆ. ಹೀಗೆ ಒಬ್ಬೊಬ್ಬರೇ ಜಾರಿಕೊಂಡರೆ ಫೈನಲ್ ದಿನ ವಿಷಲ್ ಊದಲು ಯಾರನ್ನು ಕರೆಯುತ್ತೀರಿ? ಟ್ರೋಫಿ ಕೊಡಿಸಿದವರನ್ನಾ?

ಈ ಸಲದ ಎಂಟ್ರಿ ಫಾರಂ ಇನ್ನೂ ಅಚ್ಚಿಗೆ ಹೋಗಿಲ್ಲ ಅಂತ ತಿಳಿದಿದ್ದೇನೆ. ಮೇಲೆ ಹೇಳಿದ್ದನ್ನೆಲ್ಲ ಅರ್ಧ ಪುಟದಲ್ಲಿ ಬರೆದು ಅದರ ಹಿಂದೆ ಹಾಕಿಸಿ. ಕ್ಯಾಪ್ಟನ್ ಮತ್ತು ಮ್ಯಾನೇಜರ್ ಓದಿ ಸಹಿ ಮಾಡಿದ ಮೇಲೆ ಮಾತ್ರ ತಂಡವನ್ನು ಡ್ರಾಗೆ ಸೇರಿಸಿ. ಕರಡು ಬೇಕಾದರೆ ನಾನೇ ಟೈಪ್ ಮಾಡಿ ಕೊಡುತ್ತೇನೆ. ಟೇಬಲ್ ಕೆಲಸ ಮಾಡುವ ನಾವು ಕೆಲವರು ಮಾತಾಡಿಕೊಂಡಿದ್ದೇವೆ. ಆ ಅರ್ಧ ಪುಟ ಇರುವ ಪಂದ್ಯಾವಳಿಗೆ ಊಟ, ಭತ್ಯೆ ಕೇಳದೆ ಬರುತ್ತೇವೆ. ಇಲ್ಲದ ಕಡೆ ಈ ವರ್ಷ ಪೆನ್ನು ಹಿಡಿಯುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಟೇಬಲ್‌ನಲ್ಲಿ ಕೂರುವ ಒಬ್ಬ ಹಾಕಿ ಅಭಿಮಾನಿ
ಹಾಸನ